ಮಂಕಿ ಟೇಲ್ ಸ್ಕಿಂಕ್: ಬೆರಳಲ್ಲಿ ಪೊರೆ ಉಳಿದಿದೆ, ಸೊಪ್ಪು ಮುಟ್ಟುವುದಿಲ್ಲ, ಕೊಂಬೆ ಹತ್ತುವುದಿಲ್ಲ

ಪ್ರಶ್ನೆ: ಮಿಶಿಗನ್_ಮಲೆನಾಡಿಗ

ನಮಸ್ಕಾರ. ಸಾಲೊಮನ್ ದ್ವೀಪಗಳ ಮಂಕಿ ಟೇಲ್ ಸ್ಕಿಂಕ್ (ಕೊರೂಸಿಯಾ ಜೀಬ್ರಾಟಾ, ನಮ್ಮ ಹಾವುರಾಣಿಗಳ ಬಳಗದ ಪ್ರಾಣಿ) ಸಾಕಿದವರು ಇಲ್ಲಿದ್ದರೆ ದಯವಿಟ್ಟು ಉತ್ತರಿಸಿ. ಇರುವುದು ಅಮೆರಿಕದ ಮಿಶಿಗನ್‌ನಲ್ಲಿ, ಈಗ ಕಡು ಚಳಿಗಾಲ, ಮನೆಯಲ್ಲಿ ದಿನವಿಡೀ ಹೀಟರ್.

ಪ್ರಾಣಿ: ಬೆಳೆದದ್ದು, ತೂಕ 540 ಗ್ರಾಂ. ಹೆಣ್ಣು ಎಂದು ಕೊಟ್ಟಿದ್ದಾರೆ. ಕಾಡಿನಿಂದ ಹಿಡಿದದ್ದೋ ಸಾಕಣೆಯಲ್ಲಿ ಹುಟ್ಟಿದ್ದೋ ಎನ್ನುವುದಕ್ಕೆ ದಾಖಲೆ ಇಲ್ಲ.
ಗೂಡು: 90 × 45 × 120 ಸೆಂ.ಮೀ., ನಾಲ್ಕೂ ಕಡೆ ಬಲೆ.
ಶಾಖ: ಮೇಲ್ಗಡೆ 100 ವ್ಯಾಟ್ ಸೆರಾಮಿಕ್ ಹೀಟರ್, ಥರ್ಮೋಸ್ಟಾಟ್ ಇಲ್ಲ. ಗೂಡಿನ ನಡುಮಧ್ಯದ ಥರ್ಮಾಮೀಟರ್ 27 ಡಿಗ್ರಿ ತೋರಿಸುತ್ತದೆ.
ತೇವಾಂಶ: 30–35%. ದಿನಕ್ಕೆ ಎರಡು ಸಲ ನೀರು ಸಿಂಪಡಿಸಿದರೂ ಅರ್ಧ ಗಂಟೆಗೆ ಮೊದಲಿನ ಮಟ್ಟಕ್ಕೇ ಬರುತ್ತದೆ.
ಬೆಳಕು: ಕಿಟಕಿಯ ಪಕ್ಕ ಇದೆ, ಬೇರೆ ಯುವಿ ದೀಪ ಇಲ್ಲ.
ಆಹಾರ: ಬಾಳೆಹಣ್ಣು, ಮಾವು, ಪಪಾಯ ಚೆನ್ನಾಗಿ ತಿನ್ನುತ್ತದೆ. ಕಾಲರ್ಡ್, ಸಾಸಿವೆ ಸೊಪ್ಪು ತಟ್ಟೆಯಲ್ಲೇ ಬಾಡುತ್ತವೆ. ತಟ್ಟೆ ನೆಲದ ಮೇಲೆ, ಊಟ ಬೆಳಿಗ್ಗೆ ಎಂಟಕ್ಕೆ.

ತೊಂದರೆ ಮೂರು. ಹಿಂಗಾಲಿನ ಎರಡು ಬೆರಳುಗಳಲ್ಲಿ ಹಳೆ ಪೊರೆ ಉಂಗುರದಂತೆ ಉಳಿದಿದೆ. ಸೊಪ್ಪು ತಿನ್ನುವುದಿಲ್ಲ. ಮರವಾಸಿ ಎನ್ನುತ್ತಾರೆ, ಆದರೆ ಇದು ಹಗಲೆಲ್ಲ ನೆಲದ ಮೂಲೆಯಲ್ಲೇ ಬಿದ್ದಿರುತ್ತದೆ. ಇನ್ನೊಂದು ಪ್ರಶ್ನೆ: ಇವು ಗುಂಪಿನಲ್ಲಿ ಬಾಳುತ್ತವೆ ಎಂದು ಓದಿದ್ದರಿಂದ ಎರಡನೆಯದೊಂದನ್ನು ತರುವ ಯೋಚನೆ ಇದೆ. ಜೊತೆಗೆ ಬಿಡಬಹುದೇ?

ಉತ್ತರ 1: ಕೊಂಬೆರೆಂಬೆ

ನೀವು ಕೊಟ್ಟ ವಿವರದಲ್ಲೇ ಉತ್ತರ ಇದೆ. ಪ್ರಾಣಿಗೆ ಮರ ಬೇಡವಾಗಿಲ್ಲ, ಮೇಲಿರುವ ಸೆಕೆ ತಡೆಯಲಾಗುತ್ತಿಲ್ಲ. ಮಧ್ಯದಲ್ಲಿ 27 ಡಿಗ್ರಿ ಇದ್ದರೆ, ಥರ್ಮೋಸ್ಟಾಟ್ ಇಲ್ಲದ 100 ವ್ಯಾಟ್ ಸೆರಾಮಿಕ್‌ನ ಕೆಳಗಿನ ಮೊದಲ ಕೊಂಬೆ 38–40 ಮುಟ್ಟಿರುತ್ತದೆ. ಇನ್‌ಫ್ರಾರೆಡ್ ಗನ್ ಹಿಡಿದು ಕೊಂಬೆಯ ಮೇಲ್ಮೈಯನ್ನೇ ಅಳೆಯಿರಿ, ಗೊತ್ತಾಗುತ್ತದೆ. ಸಾಲೊಮನ್ ಕಾಡಿನಲ್ಲಿ ಇವು ಹಗಲು ಹೊತ್ತು ದೊಡ್ಡ ಮರಗಳ ಪೊಟರೆಗಳಲ್ಲಿ, ಬಳ್ಳಿಗಳ ದಟ್ಟಣೆಯಲ್ಲಿ ಅಡಗಿದ್ದು ಸಂಜೆ ಕವಿಯುವಾಗ ಮೇಯಲು ಹೊರಡುತ್ತವೆ. ನಿಮ್ಮ ಗೂಡಿನಲ್ಲಿ ಎತ್ತರದ ಜಾಗವೆಲ್ಲ ಬಿಸಿ, ಅಡಗುವ ಜಾಗ ಒಂದೂ ಇಲ್ಲ. ತಂಪಿರುವುದು ನೆಲದಲ್ಲಿ ಮಾತ್ರ, ಅದಕ್ಕೇ ಅಲ್ಲಿ ಬಿದ್ದಿದೆ.

ಮೊದಲು ಶಾಖ ಸರಿಪಡಿಸಿ. ಸೆರಾಮಿಕ್ ತೆಗೆದು ಹಗಲಿಗೆ 50 ಅಥವಾ 75 ವ್ಯಾಟ್‌ನ ಹ್ಯಾಲೊಜೆನ್ ದೀಪವನ್ನು ಡಿಮ್ಮಿಂಗ್ ಥರ್ಮೋಸ್ಟಾಟ್‌ಗೆ ಜೋಡಿಸಿ. ಗೂಡಿನ ಒಂದು ಮೂಲೆಯ ಕೊಂಬೆ ಮಾತ್ರ 32 ಡಿಗ್ರಿ ಇರಲಿ, ಉಳಿದ ಕಡೆ 24ರಿಂದ 28. ರಾತ್ರಿ 22–23ಕ್ಕೆ ಇಳಿದರೆ ಒಳ್ಳೆಯದೇ, 20ಕ್ಕಿಂತ ಕೆಳಗೆ ಬೇಡ. ಥರ್ಮೋಸ್ಟಾಟ್‌ನ ಪ್ರೋಬ್ (ಶಾಖ ಅಳೆಯುವ ತುದಿ) ಪ್ರಾಣಿ ಕೂರುವ ಕೊಂಬೆಯ ಎತ್ತರದಲ್ಲೇ ಇರಬೇಕು. ಪ್ರೋಬ್ ಕೆಳಗಿದ್ದರೆ ಕೆಳಗೆ 28 ಆಗುವವರೆಗೂ ದೀಪ ಉರಿಯುತ್ತಲೇ ಇರುತ್ತದೆ, ಅಷ್ಟರಲ್ಲಿ ಮೇಲೆ ಬೆಂದಿರುತ್ತದೆ. ದೀಪಕ್ಕೆ ತಂತಿ ಬಲೆಯ ಪಂಜರ ಕಡ್ಡಾಯ: ಇವು ಬಾಲದಿಂದ ನೇತಾಡಿಕೊಂಡು ದೀಪಕ್ಕೇ ಹೊಟ್ಟೆ ತಾಗಿಸಿ ಸುಟ್ಟುಕೊಳ್ಳುತ್ತವೆ.

ಆಮೇಲೆ ಕೊಂಬೆ. ಈಗ ಬದುಕಿರುವ ಸ್ಕಿಂಕ್‌ಗಳಲ್ಲೇ ದೊಡ್ಡದು ಇದು. ಬಾಲ ಸೇರಿ 70–80 ಸೆಂ.ಮೀ. ಬೆಳೆಯುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಬೆರಳು ಗಾತ್ರದ ಕಡ್ಡಿ ಇಟ್ಟರೆ ಪ್ರಯೋಜನವಿಲ್ಲ. ಅದರ ಮೈಯಷ್ಟು ದಪ್ಪದ, 8–12 ಸೆಂ.ಮೀ. ಅಡ್ಡಗಲದ, ಒರಟು ತೊಗಟೆಯ ಕೊಂಬೆಗಳು ಬೇಕು: ಅಡ್ಡಕ್ಕೆ ಎರಡು, ಓರೆಯಾಗಿ ಎರಡು. ನಡುವೆ ಬಾಲ ಸುತ್ತಲು ಸಣ್ಣ ರೆಂಬೆಗಳಿರಲಿ. ಓಕ್, ಸೀಬೆ, ದ್ರಾಕ್ಷಿ ಕಾಂಡ ಆಗುತ್ತದೆ. ಸೀಡರ್ ಮತ್ತು ಹಸಿ ಪೈನ್ ಬೇಡ, ಅಂಟಿನ ಘಾಟು. ಹೊರಗಿನಿಂದ ಸ್ಕ್ರೂ ಹಾಕಿ ಬಿಗಿಯಿರಿ. ಕೊಂಬೆ ಒಮ್ಮೆ ಅಲುಗಿದರೂ ಇದು ಮತ್ತೆ ಅದನ್ನು ನಂಬುವುದಿಲ್ಲ. ಮೇಲಿನ ಮೂರನೇ ಒಂದು ಭಾಗದಲ್ಲಿ, ದೀಪದಿಂದ ದೂರದ ಮೂಲೆಗೆ, 15–20 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಕಾರ್ಕ್ ಕೊಳವೆಯೊಂದನ್ನು ಅಡ್ಡ ಕಟ್ಟಿ. ಒಳಗೆ ಒದ್ದೆ ಮಾಡಿ ಹಿಂಡಿದ ಸ್ಫ್ಯಾಗ್ನಮ್ ಪಾಚಿ ಒಂದು ಹಿಡಿ. ಪೊರೆ ಸಮಸ್ಯೆಗೆ ಅರ್ಧ ಮದ್ದು ಅದೇ.

ತೇವಾಂಶ 60ರಿಂದ 80% ಬೇಕು. ಬಲೆಯ ಗೂಡಿನಲ್ಲಿ, ಹೀಟರ್ ಓಡುವ ಮನೆಯಲ್ಲಿ, ಎಷ್ಟು ಸಿಂಪಡಿಸಿದರೂ ಅದು ನಿಲ್ಲುವುದಿಲ್ಲ. ಮೂರು ಬದಿಗೆ ಪಿವಿಸಿ ಹಾಳೆ ಹೊಡೆಯಿರಿ, ಮೇಲ್ಭಾಗದ ಮೂರನೇ ಎರಡು ಭಾಗ ಮುಚ್ಚಿ, ಮುಂಬಾಗಿಲ ಕೆಳಗೆ ಒಂದು ಗಾಳಿಕಿಂಡಿ ಉಳಿಸಿ. ನೆಲಕ್ಕೆ 8–10 ಸೆಂ.ಮೀ. ತೆಂಗಿನ ಸಿಪ್ಪೆ ಚೂರು ಮತ್ತು ಸೈಪ್ರೆಸ್ ಮಲ್ಚ್. ಸಂಜೆ ಒಮ್ಮೆ ಧಾರಾಳ ಸಿಂಪರಣೆ, ಬೆಳಿಗ್ಗೆ ಸ್ವಲ್ಪ. ನಡುವೆ ಕೊಂಬೆಗಳ ಮೇಲ್ಮೈ ಒಣಗಲೇಬೇಕು, ಇಡೀ ದಿನ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆಗಳ ನಡುವೆ ಸೋಂಕು ಹಿಡಿಯುತ್ತದೆ. ನೀರಿನ ಬಟ್ಟಲು ಕೊಂಬೆಯ ಮಟ್ಟದಲ್ಲಿರಲಿ, ಆದರೂ ಎಷ್ಟೋ ಪ್ರಾಣಿಗಳು ಎಲೆ ಮೇಲಿನ ಹನಿಯನ್ನೇ ನೆಕ್ಕುವುದು.

ಗೂಡು ಚಿಕ್ಕದೇ. ಒಂದಕ್ಕೇ 120 × 60 × 120 ಇರಬೇಕು, ಎತ್ತರ ಇನ್ನೂ ಹೆಚ್ಚಿದ್ದರೆ ಮೇಲು. ಎರಡನೆಯದರ ಯೋಚನೆ ಸದ್ಯಕ್ಕೆ ಪಕ್ಕಕ್ಕಿಡಿ.

ಉತ್ತರ 2: ಸರೀಸೃಪ_ವೈದ್ಯ

ಮೊದಲು ಬೆರಳುಗಳ ಕೆಲಸ, ಅದು ಕಾಯುವಂಥದ್ದಲ್ಲ. ಒಣಗಿದ ಪೊರೆಯ ಉಂಗುರ ಪ್ರತಿ ಸಲ ಪೊರೆ ಬಿಡುವಾಗಲೂ ಒಂದು ಪದರ ದಪ್ಪವಾಗುತ್ತದೆ. ರಕ್ತ ಹೋಗುವ ದಾರಿ ಬಿಗಿದು ಬೆರಳ ತುದಿ ಊದಿ, ಕಪ್ಪಾಗಿ, ಉದುರುತ್ತದೆ. ಹತ್ತುವ ಪ್ರಾಣಿಗೆ ಉಗುರಿಲ್ಲದ ಬೆರಳೆಂದರೆ ಹಿಡಿತವೇ ಹೋದಂತೆ.

ಅಗಲ ಡಬ್ಬಿಗೆ 28–30 ಡಿಗ್ರಿಯ ನೀರು, ಆಳ ಮೊಣಕಾಲು ಮುಳುಗುವಷ್ಟು ಮಾತ್ರ. ಹೊಟ್ಟೆಗೆ ಆಧಾರವಾಗಿ ಒಳಗೊಂದು ಒರಟು ಟವೆಲ್. 20 ನಿಮಿಷ ಬಿಡಿ, ಪಕ್ಕದಿಂದ ಏಳಬೇಡಿ. ನಂತರ ಒದ್ದೆ ಇಯರ್ ಬಡ್‌ನಿಂದ ಬೆರಳಿನ ಬುಡದಿಂದ ತುದಿಯ ಕಡೆಗೆ ಉಜ್ಜಿ. ಜಾರಿ ಬಂದರೆ ಬಂತು, ಬಾರದಿದ್ದರೆ ಒಂದು ತೊಟ್ಟು ಮಿನರಲ್ ಆಯಿಲ್ ಸವರಿ ಮರುದಿನ ಮತ್ತೆ. ಚಿಮಟ ಹಿಡಿದು ಎಳೆಯುವುದು, ಉಗುರಿನಲ್ಲಿ ಕೀಳುವುದು ಎರಡೂ ಬೇಡ. ಕೆಳಗಿನ ಹೊಸ ಚರ್ಮವೂ ಕಿತ್ತುಬರುತ್ತದೆ. ನಾಲ್ಕೈದು ದಿನದಲ್ಲಿ ಬಿಡದಿದ್ದರೆ, ಅಥವಾ ತುದಿ ಈಗಲೇ ಕಪ್ಪು, ತಣ್ಣಗೆ, ಊದಿಕೊಂಡಿದ್ದರೆ, ಸರೀಸೃಪ ನೋಡುವ ವೈದ್ಯರ ಬಳಿಗೆ ಹೋಗಿ. ಭೂತಗನ್ನಡಿ ಇಟ್ಟುಕೊಂಡು ಉಂಗುರ ಕತ್ತರಿಸುವುದು ಅವರ ಕೆಲಸ.

ಎರಡನೆಯದು ಮಲ ಪರೀಕ್ಷೆ. ದಾಖಲೆ ಇಲ್ಲದ ಬೆಳೆದ ಕೊರೂಸಿಯಾ ಎಂದರೆ ಕಾಡಿನಿಂದ ಹಿಡಿದದ್ದೇ ಎಂದು ಇಟ್ಟುಕೊಂಡು ಮುಂದುವರಿಯುವುದು ಕ್ಷೇಮ. ಹಸಿ ಮಲವನ್ನು ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಕೊಡಿ, ಫ್ಲೋಟೇಶನ್ ಮತ್ತು ನೇರ ಸ್ಮಿಯರ್ ಎರಡನ್ನೂ ಕೇಳಿ. ಸ್ಮಿಯರ್ ಇಲ್ಲದೆ ಫ್ಲ್ಯಾಜೆಲೇಟ್‌ಗಳು (ಕರುಳಿನ ಏಕಕೋಶ ಜೀವಿಗಳು) ಕಾಣುವುದಿಲ್ಲ. ಆದರೆ ನಾಲ್ಕು ಫ್ಲ್ಯಾಜೆಲೇಟ್ ಕಂಡವೆಂದು ಔಷಧಿ ಸುರಿಯುವುದೂ ತಪ್ಪು. ಎಲೆ ತಿನ್ನುವ ಪ್ರಾಣಿಯ ಕರುಳಿನಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿವೆ, ಬಾಯಿಯ ಮೂಲಕ ಕೊಟ್ಟ ಆಂಟಿಬಯಾಟಿಕ್ ಅವನ್ನೂ ಅಳಿಸುತ್ತದೆ. ತೂಕ ಇಳಿಯುತ್ತಿದೆಯೇ, ಮಲ ನೀರಾಗಿದೆಯೇ ನೋಡಿ ತೀರ್ಮಾನಿಸಬೇಕು. ಜಂತಿಗೆ ಐವರ್ಮೆಕ್ಟಿನ್ ಸೂಚಿಸಿದರೆ ಬೇಡವೆನ್ನಿ. ಆಮೆಗಳ ಜೊತೆಗೆ ಸ್ಕಿಂಕ್‌ಗಳಿಗೂ ಅದನ್ನು ಬಳಸಬಾರದೆಂದು ಔಷಧ ಕೈಪಿಡಿಗಳು ಎಚ್ಚರಿಸುತ್ತವೆ.

ಅಡುಗೆಮನೆಯ ತಕ್ಕಡಿಯಲ್ಲಿ ಹದಿನೈದು ದಿನಕ್ಕೊಮ್ಮೆ, ಊಟಕ್ಕೆ ಮುಂಚೆ, ತೂಕ ಬರೆದಿಡಿ. 540ರಿಂದ 490ಕ್ಕೆ ಇಳಿದರೆ ಕಾಯಬೇಡಿ.

ಕಿಟಕಿ ಬಿಸಿಲಿನ ವಿಷಯ: ಗಾಜು ಯುವಿಬಿಯನ್ನು (ಮೈಯಲ್ಲಿ ವಿಟಮಿನ್ ಡಿ ಹುಟ್ಟಿಸುವ ಅತಿನೇರಳೆ ಕಿರಣ) ಬಹುತೇಕ ಪೂರ್ತಿ ತಡೆಯುತ್ತದೆ, ಅಲ್ಲಿಂದ ಬರುವುದು ಬೆಳಕು ಮಾತ್ರ. ರಾತ್ರಿ ಸಂಚಾರಿಗೆ ಯುವಿ ಏಕೆ ಎಂಬ ವಾದ ಇದೆ, ನನಗೆ ಒಪ್ಪಿಗೆಯಿಲ್ಲ. ಮಾಂಸ ತಿನ್ನುವ ಪ್ರಾಣಿಗೆ ವಿಟಮಿನ್ ಡಿ ಸ್ವಲ್ಪವಾದರೂ ಆಹಾರದಲ್ಲಿ ಬರುತ್ತದೆ, ಎಲೆಯಲ್ಲಿ ಅದು ನಗಣ್ಯ. 5–6% ಯುವಿಬಿಯ ಟಿ5 ಕೊಳವೆ ದೀಪವನ್ನು ಅದು ಕೂರುವ ಕೊಂಬೆಯಿಂದ 35–40 ಸೆಂ.ಮೀ. ಮೇಲೆ ಹಾಕಿ, ಗೂಡಿನ ಅರ್ಧಕ್ಕೆ ಮಾತ್ರ. ಉಳಿದರ್ಧ ನೆರಳು. ವರ್ಷಕ್ಕೊಮ್ಮೆ ಕೊಳವೆ ಬದಲಿಸಿ, ಕಣ್ಣಿಗೆ ಬೆಳಕು ಕಂಡರೂ ಯುವಿ ಕುಂದಿರುತ್ತದೆ.

ಉತ್ತರ 3: ಹಿತ್ತಲ_ಸೊಪ್ಪು

ಆಹಾರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನಾನು ಶುರುಮಾಡುತ್ತೇನೆ.

ಇದರ ಕಾಡಿನ ಊಟದಲ್ಲಿ ಮುಖ್ಯವಾದದ್ದು ಎಪಿಪ್ರೆಮ್ನಮ್ ಬಳ್ಳಿಯ ಎಲೆ. ನಮ್ಮೂರಲ್ಲಿ ಬಾಟಲಿಗೆ ಹಾಕಿಡುವ ಮನಿ ಪ್ಲಾಂಟ್ ಅದೇ ಕುಲದ್ದು. ಹಾಗಾಗಿ ನಿಮ್ಮ ಮೊದಲ ಸೊಪ್ಪು ಕಾಲರ್ಡ್ ಅಲ್ಲ, ಮನಿ ಪ್ಲಾಂಟ್. ಆದರೆ ನರ್ಸರಿಯಿಂದ ತಂದ ಕೂಡಲೇ ಕೊಡಬೇಡಿ. ಗಿಡದ ಒಳಗೇ ಸೇರುವ ಕೀಟನಾಶಕ ಹಾಕಿರುತ್ತಾರೆ, ಎಲೆ ತೊಳೆದರೆ ಅದು ಹೋಗದು. ಬೇರು ತೊಳೆದು ಮಣ್ಣು ಪೂರ್ತಿ ಬದಲಿಸಿ. ಇನ್ನೂ ಒಳ್ಳೆಯದೆಂದರೆ, ತುಂಡು ನೀರಿಗೆ ಹಾಕಿ ಬೇರು ಬರಿಸಿ ಹೊಸ ಕುಂಡದಲ್ಲಿ ಬೆಳೆಸಿ. ಹಳೇ ಎಲೆ ಚಿವುಟಿ ಎಸೆದು, ಎರಡು ಮೂರು ತಿಂಗಳ ನಂತರ ಬಂದ ಹೊಸ ಎಲೆ ಮಾತ್ರ ಕೊಡಿ. ನಾಲ್ಕೈದು ಕುಂಡ ಇದ್ದರೆ ಸರದಿಯಲ್ಲಿ ಒಂದೊಂದನ್ನು ಗೂಡಿನೊಳಗೇ ಇಡಬಹುದು. ಬೋಳು ಮಾಡಲು ಅದಕ್ಕೆ ಒಂದು ವಾರ ಸಾಕು.

ಉಳಿದದ್ದು: ಕಾಲರ್ಡ್, ಸಾಸಿವೆ ಸೊಪ್ಪು, ಡ್ಯಾಂಡಿಲಿಯನ್, ಎಂಡೈವ್, ದಾಸವಾಳದ ಎಲೆ ಮತ್ತು ಹೂ. ಇಂಡಿಯನ್ ಸ್ಟೋರ್‌ನಲ್ಲಿ ನುಗ್ಗೆ ಸೊಪ್ಪು ಸಿಕ್ಕರೆ ಬಿಡಬೇಡಿ, ಕ್ಯಾಲ್ಸಿಯಂ ಚೆನ್ನಾಗಿದೆ. ಸೊಪ್ಪು ಮುಕ್ಕಾಲು ಪಾಲು. ಸಿಹಿಗುಂಬಳ, ಗೆಣಸು ತುರಿದದ್ದು, ಬೀನ್ಸ್ ಸೇರಿ ಹದಿನೈದು ಪರ್ಸೆಂಟ್. ಹಣ್ಣು ಹತ್ತಕ್ಕೆ ನಿಲ್ಲಲಿ, ಪಪಾಯ ಅಥವಾ ಅಂಜೂರ. ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹೆಚ್ಚು, ಅದನ್ನು ಆಮಿಷಕ್ಕಷ್ಟೇ ಇಟ್ಟುಕೊಳ್ಳಿ. ಬೆಣ್ಣೆಹಣ್ಣು ಬೇಡವೇ ಬೇಡ. ನಾಯಿ, ಬೆಕ್ಕಿನ ಆಹಾರ, ಮೊಟ್ಟೆ, ಹುಳು ಯಾವುದೂ ಬೇಡ. ಎಲೆಗೆ ಹೊಂದಿದ ಮೂತ್ರಪಿಂಡಕ್ಕೆ ಅಷ್ಟು ಪ್ರೋಟೀನ್ ತಡೆಯುವುದಿಲ್ಲ. ರಂಜಕ ಇಲ್ಲದ ಕ್ಯಾಲ್ಸಿಯಂ ಪುಡಿ ವಾರಕ್ಕೆ ಎರಡು ಸಲ ಚಿಟಿಕೆ.

ಸಿಹಿಗೆ ಬಿದ್ದ ಪ್ರಾಣಿಯನ್ನು ಸೊಪ್ಪಿಗೆ ತಿರುಗಿಸುವ ಕ್ರಮ: ಮೊದಲ ವಾರ ಪಪಾಯ ಕಿವುಚಿ ಅದರಲ್ಲಿ ಸಣ್ಣಗೆ ಹೆಚ್ಚಿದ ಸೊಪ್ಪನ್ನು ಅರ್ಧಕ್ಕರ್ಧ ಕಲಸಿ, ಬೇರೆ ಮಾಡಿ ತಿನ್ನಲಾಗದಷ್ಟು ಸಣ್ಣಗೆ. ಎರಡನೇ ವಾರ ಹಣ್ಣು ಮೂರನೇ ಒಂದು, ಸೊಪ್ಪಿನ ಚೂರು ದೊಡ್ಡದು. ಮೂರನೇ ವಾರ ಇಡೀ ಎಲೆಗೆ ರಸ ಸವರಿ. ಜೊತೆಗೆ ಎರಡು ಬದಲಾವಣೆ: ತಟ್ಟೆ ಕೊಂಬೆಯ ಮಟ್ಟಕ್ಕೆ ಏರಲಿ, ಊಟ ಬೆಳಿಗ್ಗೆಯಿಂದ ಸಂಜೆ ದೀಪ ಆರುವ ಹೊತ್ತಿಗೆ ಹೋಗಲಿ. ಬೆಳಿಗ್ಗೆ ಎಂಟಕ್ಕೆ ಇದು ಮಲಗುವ ಹೊತ್ತು. ಸಂಜೆ ಏಳುವಷ್ಟರಲ್ಲಿ ನಿಮ್ಮ ಸೊಪ್ಪು ಬಾಡಿ ಹಪ್ಪಳ.

ಪ್ರತಿಪ್ರಶ್ನೆ: ಮಿಶಿಗನ್_ಮಲೆನಾಡಿಗ

ಎಲ್ಲರಿಗೂ ಧನ್ಯವಾದ. ಗನ್‌ನಲ್ಲಿ ಅಳೆದಾಗ ಮೇಲಿನ ಕೊಂಬೆ 41 ಡಿಗ್ರಿ. ಬೆರಳ ತುದಿ ಕಪ್ಪಾಗಿಲ್ಲ, ಸ್ವಲ್ಪ ಊದಿದೆ. ಎರಡು ಸಂದೇಹ. ಮನಿ ಪ್ಲಾಂಟ್‌ನಲ್ಲಿ ಆಕ್ಸಲೇಟ್ ಇದೆಯಲ್ಲ, ಹಾಗಿದ್ದರೆ ಪಾಲಕ್ ಸೊಪ್ಪಿಗೂ ಇದಕ್ಕೂ ಏನು ವ್ಯತ್ಯಾಸ? ಇನ್ನೊಂದು, ಕೊಂಬೆಯಿಂದ ಬಿಡಿಸಿಕೊಳ್ಳುವುದು ಹೇಗೆ? ಹಿಡಿದರೆ ಬಿಗಿಯಾಗಿ ಅಂಟಿಕೊಂಡು ಬುಸ್ ಎನ್ನುತ್ತದೆ.

ಉತ್ತರ 4: ಹಿತ್ತಲ_ಸೊಪ್ಪು

ಒಳ್ಳೆ ಪ್ರಶ್ನೆ. ಮನಿ ಪ್ಲಾಂಟ್ ಕೆಸುವಿನ ಕುಟುಂಬದ್ದು. ಅದರಲ್ಲಿರುವುದು ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು; ಪತ್ರೊಡೆಗೆ ಹುಣಿಸೆಹುಳಿ ಕಮ್ಮಿಯಾದರೆ ಗಂಟಲು ತುರಿಸುವುದು ಇದೇ ಹರಳಿನಿಂದ. ಆ ಆಕ್ಸಲೇಟ್ ಆಗಲೇ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡಿದೆ, ಕರಗದು, ಹಾಗಾಗಿ ಪ್ರಾಣಿಯ ಕ್ಯಾಲ್ಸಿಯಂ ಕದಿಯುವುದಿಲ್ಲ. ನಮ್ಮ ಬಾಯಿ ತಾಳದ ಹರಳನ್ನು ಕೊರೂಸಿಯಾ ತಾಳಿಕೊಳ್ಳುತ್ತದೆ. ಪಾಲಕ್‌ನಲ್ಲಿ ಕರಗುವ ಆಕ್ಸಲೇಟ್ ಬಹಳ. ಅದು ಕರುಳಿನಲ್ಲಿ ಬೇರೆ ಸೊಪ್ಪಿನ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕಿ ಹೊರಗೆ ಒಯ್ಯುತ್ತದೆ. ಹರಿವೆ, ದಂಟಿನ ಸೊಪ್ಪೂ ಅದೇ ಜಾತಿಯ ತೊಂದರೆಯವು, ಅಪರೂಪಕ್ಕೆ ಸಾಕು. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಮನಿ ಪ್ಲಾಂಟ್ ಕುಂಡಗಳನ್ನು ಅವಕ್ಕೆ ಎಟುಕದಂತಿಡಿ.

ಉತ್ತರ 5: ಕೊಂಬೆರೆಂಬೆ

ಎಳೆಯಬೇಡಿ. ಉಗುರು ತೊಗಟೆಗೆ ಕೊಕ್ಕೆ ಹಾಕಿರುತ್ತದೆ, ನೀವು ಎಳೆದರೆ ಕೊಂಬೆ ಬಿಡುವುದಿಲ್ಲ, ಉಗುರು ಕೀಳುತ್ತದೆ. ಬಾಲವನ್ನಂತೂ ಮುಟ್ಟಲೇಬೇಡಿ. ದಪ್ಪ ಬಟ್ಟೆಯ ತೋಳು ಹಾಕಿಕೊಂಡು ಒಂದು ಕೈಯನ್ನು ಎದೆಯ ಕೆಳಗೆ ತೂರಿಸಿ. ಮುಂಗಾಲಿನ ಬೆರಳುಗಳನ್ನು ಒಂದೊಂದಾಗಿ ಮೇಲೆತ್ತಿ ನಿಮ್ಮ ತೋಳಿನ ಮೇಲಿಡಿ, ಆಮೇಲೆ ಹಿಂಗಾಲು, ಕೊನೆಗೆ ಬಾಲದ ಸುರುಳಿ ತಾನೇ ಬಿಚ್ಚಲಿ. ಬುಸ್ ಎಂದು ಬಾಯಿ ತೆರೆದರೆ ಆವತ್ತಿಗೆ ಸಾಕು. ಹಲ್ಲು ಚಿಕ್ಕದಾದರೂ ದವಡೆ ಗಟ್ಟಿ, ಕಚ್ಚಿದರೆ ಆಳ ಗಾಯ. ಕಚ್ಚಿಕೊಂಡಿರುವಾಗ ಕೈ ಎಳೆದರೆ ಚರ್ಮ ಹರಿಯುತ್ತದೆ. ಮೈಗೆ ಆಧಾರ ಕೊಟ್ಟು ನೆಲಕ್ಕೆ ಇಳಿಸಿ, ಕಾಲೂರಲು ಜಾಗ ಸಿಕ್ಕರೆ ಸಾಮಾನ್ಯವಾಗಿ ಬಿಡುತ್ತದೆ.

ಎರಡನೆಯದರ ವಿಷಯ. ಗುಂಪಿನಲ್ಲಿರುತ್ತವೆ ಎಂಬುದು ನಿಜ, ಆದರೆ ಅದು ಒಟ್ಟಿಗೆ ಬೆಳೆದ ಸಂಸಾರ. ಹೊರಗಿನವರನ್ನು ಓಡಿಸುತ್ತವೆ, ಇಲ್ಲಾ ಕಡಿಯುತ್ತವೆ. ಬೆರಳು, ಬಾಲದ ತುದಿ ಹೋದ ಪ್ರಾಣಿಗಳಲ್ಲಿ ಹೆಚ್ಚಿನವು ಇಂಥ ಅವಸರದ ಜೋಡಣೆಯ ಫಲ. ತರಲೇಬೇಕೆಂದಿದ್ದರೆ ಬೇರೆ ಕೋಣೆಯಲ್ಲಿ 90 ದಿನ ಪ್ರತ್ಯೇಕ, ಆ ಅವಧಿಯಲ್ಲಿ ಮೂರು ಮಲ ಪರೀಕ್ಷೆ. ಎರಡೂ ಗಂಡಾಗಿರಬಾರದು. ತಲೆ ಅಗಲ ನೋಡಿ ಗಂಡು ಎನ್ನುವುದು ಅಂದಾಜು ಮಾತ್ರ, ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಇಬ್ಬರಿಗೂ ಹೊಸದಾದ ಗೂಡಿನಲ್ಲಿ, ಎರಡು ಊಟದ ತಟ್ಟೆ, ಎರಡು ಕೊಳವೆ ಇಟ್ಟು, ಸಂಜೆ ನೀವು ಎದುರಿಗಿರುವಾಗ ಬಿಡಿ. ಒಂದು ನೆಲಕ್ಕಿಳಿದು ಮೇಲೇರದೆ ಕುಳಿತರೆ ಅದು ಸೋತಿದೆ ಎಂದರ್ಥ, ಅಂದೇ ಬೇರ್ಪಡಿಸಿ.

ಉತ್ತರ 6: ಬಸವನಗುಡಿ_ಗೆಕ್ಕೊ

ಬೆಂಗಳೂರಲ್ಲಿ ಇದನ್ನು ಸಾಕಬಹುದಾ? ಒಬ್ಬರು ಮಾರುತ್ತೇನೆ ಅಂತಿದ್ದಾರೆ, ಪೇಪರ್ ಆಮೇಲೆ ಕೊಡುತ್ತಾರಂತೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಮರದ ಹಾವುರಾಣಿ ಇದೆಯಲ್ಲ, ಅದಕ್ಕೂ ಇದೇ ಆರೈಕೆಯಾ?

ಉತ್ತರ 7: ಸರೀಸೃಪ_ವೈದ್ಯ

ಪೇಪರ್ ಆಮೇಲೆ ಎಂದವರ ಹತ್ತಿರ ಕೊಳ್ಳಬೇಡಿ. ಕೊರೂಸಿಯಾ 1992ರಿಂದ ಸೈಟಿಸ್‌ನ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿಯ ನಂತರ, ಅಂದರೆ 2023ರ ಏಪ್ರಿಲ್ 1ರಿಂದ, ಸೈಟಿಸ್ ಪಟ್ಟಿಯ ಪ್ರಾಣಿಗಳು ನಮ್ಮ ವನ್ಯಜೀವಿ ಕಾಯ್ದೆಯ ನಾಲ್ಕನೇ ಶೆಡ್ಯೂಲ್‌ಗೆ ಬಂದಿವೆ. 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆಗಲೇ ಇದ್ದವರಿಗೆ ಆರು ತಿಂಗಳ ಗಡುವು ಇತ್ತು, ಮುಗಿದಿದೆ. ಹೊಸದಾಗಿ ಕೈಗೆ ಬಂದರೆ 30 ದಿನ. ಹಿಂದಿನವರ ಆಮದು ಅಥವಾ ಜನನದ ದಾಖಲೆ ಇಲ್ಲದೆ ನಿಮ್ಮ ಅರ್ಜಿಗೆ ಬುಡವೇ ಇರುವುದಿಲ್ಲ.

ಕಾಗದದ ಹೊರತಾಗಿಯೂ ಯೋಚಿಸಬೇಕಾದ ಕಾರಣ ಇದೆ. ಇದು ಮೊಟ್ಟೆ ಇಡುವುದಿಲ್ಲ. ಆರರಿಂದ ಎಂಟು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದೂ ತಾಯಿಯ ಉದ್ದದ ಮೂರನೇ ಒಂದರಷ್ಟು ದೊಡ್ಡದು. ಮರಿ ತಿಂಗಳುಗಟ್ಟಲೆ ದೊಡ್ಡವರ ಜೊತೆ ಇದ್ದು ಅವುಗಳ ಮಲ ತಿಂದು ಕರುಳಿನ ಸೂಕ್ಷ್ಮಜೀವಿಗಳನ್ನು ಪಡೆಯುತ್ತದೆ, ಆದ್ದರಿಂದ ಹುಟ್ಟಿದೊಡನೆ ಬೇರ್ಪಡಿಸಿದ ಮರಿ ಸೊಪ್ಪು ತಿಂದೂ ಸೊರಗುತ್ತದೆ. ಇಷ್ಟು ನಿಧಾನ ಹೆಚ್ಚುವ ಪ್ರಾಣಿಯನ್ನು 1990ರ ದಶಕದಲ್ಲಿ ರಾಶಿಗಟ್ಟಲೆ ರಫ್ತು ಮಾಡಿದರು, ಅತ್ತ ಕಾಡಿನ ಮರವೂ ಕಡಿಯಲ್ಪಡುತ್ತಿತ್ತು. ಮಿಶಿಗನ್‌ನವರೂ ಎರಡನೆಯದನ್ನು ಕೊಳ್ಳುವುದಾದರೆ ಸಾಕಣೆಯಲ್ಲಿ ಹುಟ್ಟಿದ ದಾಖಲೆ ಕೇಳಿ.

ಘಟ್ಟದ ಮರದ ಹಾವುರಾಣಿ ಡೇಸಿಯಾ ಕುಲದ್ದು, ದಕ್ಷಿಣ ಘಟ್ಟಗಳಲ್ಲಿ ಡೇಸಿಯಾ ಸಬ್‌ಸೆರೂಲಿಯಾ, ಕಾರ್ ನಿಕೋಬಾರ್‌ನಲ್ಲಿ ಡೇಸಿಯಾ ನಿಕೋಬಾರೆನ್ಸಿಸ್. ಇವು ತೆಳ್ಳಗಿನ ಸಣ್ಣ ಪ್ರಾಣಿಗಳು, ಹುಳು ಹಿಡಿದು ತಿನ್ನುತ್ತವೆ, ಮೊಟ್ಟೆ ಇಡುತ್ತವೆ. ಕೊರೂಸಿಯಾದ ಹತ್ತಿರದ ನೆಂಟರು ಆಸ್ಟ್ರೇಲಿಯಾದ ನೀಲಿ ನಾಲಗೆಯ ಸ್ಕಿಂಕ್‌ಗಳು, ಇವಲ್ಲ. ಕಂಡರೆ ಫೋಟೊ ತೆಗೆದುಕೊಳ್ಳಿ, ಹಿಡಿದು ತರುವ ಮಾತು ಬೇಡ. ಹಾವುರಾಣಿ ನೆಕ್ಕಿದರೆ ವಿಷ ಎಂಬ ನಂಬಿಕೆಯೂ ಸುಳ್ಳು, ಹೊಡೆಯಲು ಬಂದವರಿಗೆ ಹೇಳಿ.

ಮಿಶಿಗನ್‌ನವರಿಗೆ: ಊತ ಇದೆ ಎಂದಿರಿ, ಹಾಗಾದರೆ ನಾಲ್ಕೈದು ದಿನ ಕಾಯುವುದು ಬೇಡ. ನೀರಿನ ಉಪಚಾರ ಇಂದೇ ಶುರುಮಾಡಿ, ಎರಡು ದಿನದಲ್ಲಿ ಉಂಗುರ ಬಿಡದಿದ್ದರೆ ವೈದ್ಯರ ಬಳಿ. ಹೋಗುವಾಗ ಬಟ್ಟೆ ಚೀಲಕ್ಕೆ ಹಾಕಿ, ಚೀಲವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, 35 ಡಿಗ್ರಿಯ ನೀರಿನ ಬಾಟಲಿಯನ್ನು ಟವೆಲ್ ಸುತ್ತಿ ಪಕ್ಕದಲ್ಲಿಡಿ. ಕಾರನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ. ಮಲದ ಡಬ್ಬಿಯನ್ನೂ ಅದೇ ದಿನ ಒಯ್ದರೆ ಎರಡನೇ ಓಡಾಟ ತಪ್ಪುತ್ತದೆ.